‘ನನ್ನ ಹೊಲ, ನನ್ನ ಬೋರು’: ಒಂದು ಪ್ರತ್ಯುತ್ತರ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೇಸಾಯಕ್ಕೆ ಹೊಸ ಬೋರ್‌ವೆಲ್ ಕೊರೆಸುವ ಮುಂಚೆ ಆ ಊರಿನ ಗ್ರಾಮಸಭೆ ಒಪ್ಪಬೇಕು. ಈಗಾಗಲೇ ಇರುವ ಬೋರುಗಳ ಲೆಕ್ಕ ಪಂಚಾಯ್ತಿ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಇಷ್ಟೇ ನನ್ನ ವಾದ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಇದನ್ನು ಹೇಳಿದಾಗಲೆಲ್ಲ ಎರಡು ದಿಕ್ಕಿನಿಂದ ಪೆಟ್ಟು ಬೀಳುತ್ತದೆ. ಒಂದು ಕಡೆಯವರಿಗೆ ಇದು ರೈತನ ಸ್ವಾತಂತ್ರ್ಯಕ್ಕೆ ಹಾಕುವ ಕೋಳ. ಇನ್ನೊಂದು ಕಡೆಯವರು ನಮ್ಮ ಕೆಂಬಾವುಟದ ಗೆಳೆಯರು. ಅವರಿಗೆ ಇದು ಅರೆಮನಸ್ಸಿನ ಮಾತು; ಅಂತರ್ಜಲವನ್ನೆಲ್ಲ ಸರ್ಕಾರ ವಶಕ್ಕೆ ತೆಗೆದುಕೊಂಡರೆ ಮಾತ್ರ ನ್ಯಾಯ ಎನ್ನುತ್ತಾರೆ. ಮೊದಲ ಗುಂಪಿಗೆ ಇಲ್ಲಿ ಹೆಚ್ಚು ಜಾಗ ಕೊಡುತ್ತೇನೆ. ನಮ್ಮ ಜಿಲ್ಲೆಯ ನೆಲದಡಿಯಲ್ಲಿ ಇವತ್ತು ನಡೆಯುತ್ತಿರುವುದು ಅವರ ಸಿದ್ಧಾಂತವೇ ತಾನೆ.

ಅವರ ಮೊದಲ ಮಾತು: ಪಹಣಿ ನನ್ನ ಹೆಸರಿನಲ್ಲಿದೆ, ನೆಲ ನನ್ನದು, ನೆಲದ ಕೆಳಗಿನ ನೀರೂ ನನ್ನದು, ಕಾನೂನೇ ಹಾಗೆ ಹೇಳುತ್ತದೆ.

ಹೇಳುತ್ತದೆ, ನಿಜ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ ಏಳನೆಯ ಕಲಮಿನಲ್ಲಿ, ಗೊತ್ತಾದ ಕಾಲುವೆಯಲ್ಲಿ ಹರಿಯದ ಭೂಗತ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸಿಕೊಳ್ಳುವುದು ನೆಲದ ಒಡೆಯನ ಹಕ್ಕು ಎಂಬ ಉದಾಹರಣೆ ಇದೆ. ಅದು ಎಲ್ಲಿಂದ ಬಂತು ಎನ್ನುವುದನ್ನೂ ನೋಡಬೇಕು. 1843ರಲ್ಲಿ ಇಂಗ್ಲೆಂಡಿನ ಆಕ್ಟನ್–ಬ್ಲಂಡೆಲ್ ಮೊಕದ್ದಮೆಯಲ್ಲಿ, ಕಲ್ಲಿದ್ದಲು ಗಣಿ ತೋಡಿದವನಿಂದ ಪಕ್ಕದ ಗಿರಣಿಯ ಬಾವಿ ಒಣಗಿತ್ತು. ನೆಲದಡಿಯ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಯಾರಿಗೂ ಕಾಣದು, ಕಾಣದ್ದಕ್ಕೆ ನಿಯಮ ಮಾಡುವುದು ಹೇಗೆ ಎಂಬ ತರ್ಕದ ಮೇಲೆ ಗಣಿಯವನು ಗೆದ್ದ. 1895ರಲ್ಲಿ ಪಿಕಲ್ಸ್ ಎಂಬಾತ ಬ್ರಾಡ್‌ಫರ್ಡ್ ನಗರಕ್ಕೆ ಹರಿಯುವ ನೀರನ್ನು ತನ್ನ ಜಮೀನಿನಲ್ಲಿ ತಡೆದ. ನಗರಸಭೆ ತನಗೆ ದುಡ್ಡು ಕೊಟ್ಟು ಕೊಳ್ಳಲಿ ಎಂಬುದು ಅವನ ಹಂಚಿಕೆ. ಅವನ ಉದ್ದೇಶ ಏನೇ ಇರಲಿ ಹಕ್ಕು ಹಕ್ಕೇ ಎಂದಿತು ಅಲ್ಲಿನ ಮೇಲ್ಮನೆ. ಆದರೆ ಈ ನಿಯಮವನ್ನು ಹೆತ್ತ ಇಂಗ್ಲೆಂಡೇ 1963ರಲ್ಲಿ ನೀರೆತ್ತಲು ಪರವಾನಗಿ ಬೇಕು ಎಂದು ಕಾನೂನು ಮಾಡಿಕೊಂಡಿತು. ಅವರು ಬಿಟ್ಟ ಅಂಗಿಯನ್ನು ನಾವು ಇನ್ನೂ ತೊಟ್ಟಿದ್ದೇವೆ.

‘ಕಾಣದು’ ಎಂಬ ನೆಪ ನಮಗೆ ಇನ್ನು ಸಲ್ಲುವುದಿಲ್ಲ. ನಮ್ಮ ಕೆಳಗಿರುವುದು ಕಣಶಿಲೆ, ನೈಸ್ ಬಂಡೆ. ಮೇಲಿನ ಶಿಥಿಲ ಪದರದಲ್ಲಿ ಒಂದಿಷ್ಟು, ಕೆಳಗೆ ಬಂಡೆಯ ಬಿರುಕುಗಳಲ್ಲಿ ಒಂದಿಷ್ಟು ನೀರು ನಿಲ್ಲುತ್ತದೆ. ಒಂದು ಬಿರುಕು ನಾಲ್ಕು ಸರ್ವೆ ನಂಬರುಗಳ ಕೆಳಗೆ ಹಾಯುತ್ತದೆ. ಪಾಯಿಂಟ್ ನೋಡುವವನು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನಡೆಯುವಾಗ ಅವನೂ ಹುಡುಕುವುದು ಇದನ್ನೇ: ಪಕ್ಕದವನ ಬೋರಿಗೆ ನೀರು ಕೊಟ್ಟ ಬಿರುಕು ನಮ್ಮ ಹೊಲದೊಳಗೆ ಎಲ್ಲಿ ಹಾಯ್ದಿದೆ ಎಂದು. ಹೊಸ ಬೋರಿಗೆ ನೀರು ಬಿದ್ದ ವಾರದಲ್ಲೇ ಪಕ್ಕದ ತೋಟದ ಬೋರು ಗಾಳಿ ಉಗುಳಲು ಶುರುಮಾಡಿದ್ದನ್ನು ಕಾಣದ ರೈತ ಈ ಭಾಗದಲ್ಲಿ ಇದ್ದರೆ ಅವನ ಅದೃಷ್ಟ ದೊಡ್ಡದು. ಪಕ್ಕದವನಿಗೂ ನಿಮ್ಮಷ್ಟೇ ಹಕ್ಕಿದೆ. ಇಬ್ಬರಿಗೂ ಇರುವ ಹಕ್ಕು ಕೊನೆಗೆ ಹೆಚ್ಚು ಆಳಕ್ಕೆ ಕೊರೆಸಬಲ್ಲವನ ಪಾಲಾಗುವುದಾದರೆ ಅದನ್ನು ಆಸ್ತಿ ಎನ್ನಬೇಕೋ ಪಂದ್ಯ ಎನ್ನಬೇಕೋ?

ಕಾನೂನಿನ ಮಾತಿಗೆ ಇನ್ನೊಂದಿಷ್ಟು. ನಮ್ಮ ರಾಜ್ಯದಲ್ಲೇ 1999ರ ಕಾಯ್ದೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದು ಎಂದಿದೆ. 2011ರ ಅಂತರ್ಜಲ ಕಾಯ್ದೆ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ಕೊರೆಸಲು ಅನುಮತಿ, ಇರುವ ಬೋರಿಗೆ ನೋಂದಣಿ ಕೇಳುತ್ತದೆ. ಕೇರಳದ ಪ್ಲಾಚಿಮಡದಲ್ಲಿ ಕೋಕಾ–ಕೋಲಾ ಕಾರ್ಖಾನೆಯ ವಿಷಯ ಬಂದಾಗ, ಅಂತರ್ಜಲ ಜನರ ಸೊತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ ಎಂದು 2003ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಅಂದರೆ ನ್ಯಾಯಾಲಯಗಳೇ ಇನ್ನೂ ತಕ್ಕಡಿ ಹಿಡಿದು ನಿಂತಿವೆ. ‘ಕಾನೂನು ನನ್ನ ಕಡೆ’ ಎಂದು ಎದೆ ತಟ್ಟಿಕೊಳ್ಳುವಷ್ಟು ಗಟ್ಟಿ ನೆಲ ನಿಮ್ಮ ಕಾಲಡಿ ಇಲ್ಲ.

ಎರಡನೆಯದು: ಸಾಲ ನನ್ನದು, ನಷ್ಟ ನನ್ನದು, ನೀವ್ಯಾರು ಕೇಳೋಕೆ?

ಈ ಮಾತಿನ ಹಿಂದೆ ನೋವಿದೆ, ಅದನ್ನು ಹಗುರ ಮಾಡುವುದಿಲ್ಲ. ಒಡವೆ ಅಡವಿಟ್ಟು ಬೋರು ಕೊರೆಸಿದ ಮನೆಗಳು ಪ್ರತಿ ಊರಿನಲ್ಲೂ ಇವೆ. ಆದರೆ ಲೆಕ್ಕ ಪೂರ್ತಿ ಬರೆಯೋಣ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟು ಉಚಿತ. ಆ ಬಿಲ್ಲನ್ನು ಸರ್ಕಾರ ಕಟ್ಟುತ್ತದೆ, ಅಂದರೆ ಬೋರೇ ಇಲ್ಲದ ಕೂಲಿಯವಳು ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯೂ ಅದರಲ್ಲಿದೆ. ಸಾವಿರ ಅಡಿಯಿಂದ ನೀರೆತ್ತುವ ನಿಜವಾದ ಖರ್ಚು ನಿಮ್ಮ ಜೇಬಿನಿಂದ ಹೋಗುವಂತಿದ್ದರೆ ಈ ನೆಲದಲ್ಲಿ ಎಷ್ಟು ಎಕರೆ ಟೊಮೆಟೊ, ಎಷ್ಟು ಎಕರೆ ಹಿಪ್ಪುನೇರಳೆ ಉಳಿಯುತ್ತಿತ್ತು? ಉಚಿತ ಕರೆಂಟು ಬೇಡ ಎಂದು ನಾನು ಹೇಳುತ್ತಿಲ್ಲ. ಊರಿನ ದುಡ್ಡಿನಲ್ಲಿ ಮೋಟರ್ ಓಡಿಸುವವರು ಊರಿಗೆ ಕೇಳುವ ಹಕ್ಕಿಲ್ಲ ಎನ್ನಬಾರದು, ಅಷ್ಟೇ.

ನಷ್ಟವೂ ನಿಮ್ಮೊಬ್ಬರದೇ ಅಲ್ಲ. ಮೂರು ತಲೆಮಾರಿನ ಹಿಂದೆ ಇಲ್ಲಿ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತುತ್ತಿದ್ದರು. ಎತ್ತು ದಣಿದರೆ ನೀರೂ ನಿಲ್ಲುತ್ತಿತ್ತು. ಆಮೇಲೆ ತೆರೆದ ಬಾವಿಗೆ ಮೋಟರು ಬಂತು, ಬಾವಿ ಬತ್ತಿದ ಮೇಲೆ ಅದರ ತಳದಲ್ಲೇ ಬೋರು ಬಂತು, ಇನ್ನೂರು ಅಡಿ ಐನೂರಾಯಿತು, ಐನೂರು ಸಾವಿರ ದಾಟಿತು. ಈ ಪೈಪೋಟಿಯಲ್ಲಿ ಒಟ್ಟು ನೀರು ಒಂದು ಕೊಡದಷ್ಟೂ ಹೆಚ್ಚಲಿಲ್ಲ. ಅದೇ ನೀರನ್ನು ಮುಟ್ಟಲು ಪ್ರತಿಯೊಬ್ಬರೂ ಮತ್ತೆ ಮತ್ತೆ ಖರ್ಚು ಮಾಡಿದರು. ಆ ದುಡ್ಡು ಊರಿನಲ್ಲಿ ಉಳಿಯಿತೇ? ತಿರುಚೆಂಗೋಡಿನ ರಿಗ್ ಲಾರಿ ಬಂತು, ಅಡಿಗಿಷ್ಟು ಎಂದು ಎಣಿಸಿಕೊಂಡು ಹೋಯಿತು, ಆರು ತಿಂಗಳಿಗೆ ಪಕ್ಕದ ಹೊಲಕ್ಕೆ ಮತ್ತೆ ಬಂತು. ಆಳದಿಂದ ಬಂದ ನೀರಿನ ಜೊತೆ ಫ್ಲೋರೈಡೂ ಬಂತು. ಹಳದಿ ಕಲೆಯ ಹಲ್ಲು, ಬಗ್ಗದ ಮಂಡಿ ಯಾವ ಬೋರಿನವನ ಸಾಲದ ಪುಸ್ತಕದಲ್ಲೂ ನಮೂದಾಗುವುದಿಲ್ಲ. ಅವು ಬೋರಿಲ್ಲದವರ ಮನೆಯಲ್ಲೂ ಇವೆ. ಈ ಜಿಲ್ಲೆಯ ತಾಲ್ಲೂಕುಗಳನ್ನು ಕೇಂದ್ರ ಅಂತರ್ಜಲ ಮಂಡಳಿ ‘ಅತಿಬಳಕೆ’ಯ ಪಟ್ಟಿಗೆ ಸೇರಿಸುತ್ತಲೇ ಬಂದಿದೆ. ಇಂಗಿದ್ದಕ್ಕಿಂತ ಹೆಚ್ಚು ಎತ್ತುತ್ತಿದ್ದೇವೆ ಎಂದು ಅದರರ್ಥ. ನಂದಿ ಬೆಟ್ಟದ ಸುತ್ತಮುತ್ತ ಪಿನಾಕಿನಿಗಳೆರಡೂ ಸೇರಿ ಎಷ್ಟೋ ನದಿ ಹುಟ್ಟಿದರೂ ವರ್ಷವಿಡೀ ಹರಿಯುವ ಒಂದೂ ನದಿ ನಮಗಿಲ್ಲ.

ಓದಿಕೊಂಡ ಹುಡುಗರು ಸಿದ್ಧಾಂತ ತರುತ್ತಾರೆ. ಬೆಂಗಳೂರಿನ ಕೆಲಸದ ಜೊತೆಗೆ ಇಲ್ಲಿ ತೋಟ ಮಾಡಿಕೊಂಡಿರುವ ಕೆಲವರು ನನಗೆ ಹಯೆಕ್ ಮತ್ತು ನೋಜಿಕ್ ಅವರನ್ನು ಓದಿ ಎಂದರು. ಓದುವುದಕ್ಕೇನು. ರಾಬರ್ಟ್ ನೋಜಿಕ್ 1974ರ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ದಲ್ಲಿ ಹಿಡಿದಷ್ಟು ಬಿಗಿಯಾಗಿ ವ್ಯಕ್ತಿಯ ಆಸ್ತಿಯ ಹಕ್ಕನ್ನು ಹಿಡಿದವರು ಕಡಿಮೆ. ಆ ಪುಸ್ತಕದಲ್ಲೇ ಮರುಭೂಮಿಯ ನೀರಿನ ಗುಂಡಿಯ ಮಾತು ಬರುತ್ತದೆ. ಇರುವ ಒಂದೇ ಗುಂಡಿಯನ್ನು ಒಬ್ಬ ತನ್ನದು ಮಾಡಿಕೊಂಡು ಬಾಯಿಗೆ ಬಂದ ಬೆಲೆ ಹೇಳುವಂತಿಲ್ಲ ಎನ್ನುತ್ತಾನೆ ಅವನು. ಉಳಿದವರ ಗುಂಡಿಗಳೆಲ್ಲ ತಾವಾಗಿಯೇ ಬತ್ತಿ ಇವನದೊಂದೇ ಉಳಿದಿದ್ದರೂ ಅದೇ ಮಾತು. ಅವನ ಗುರುಪರಂಪರೆಯ ಲಾಕ್ ಕೂಡ, ಉಳಿದವರಿಗೆ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿದ್ದರೆ ಮಾತ್ರ ಪ್ರಕೃತಿಯಿಂದ ತನ್ನದೆಂದು ತೆಗೆದುಕೊಳ್ಳಬಹುದು ಎಂದು ಶರತ್ತು ಹಾಕಿದವನು. ಇನ್ನು ಹಯೆಕ್: 1944ರ ‘ದಿ ರೋಡ್ ಟು ಸರ್ಫ್‌ಡಮ್’ನಲ್ಲಿ, ಕಾಡು ಕಡಿಯುವುದು, ಕೆಲವು ಬಗೆಯ ಬೇಸಾಯ, ಕಾರ್ಖಾನೆಯ ಹೊಗೆ ಇವುಗಳ ಹಾನಿ ಆಸ್ತಿಯ ಒಡೆಯನೊಬ್ಬನಿಗೇ ಸೀಮಿತವಾಗಿರುವುದಿಲ್ಲ, ಅಲ್ಲಿ ಬೆಲೆಯ ಲೆಕ್ಕ ಕೆಲಸ ಮಾಡದು, ಬೇರೆ ನಿಯಂತ್ರಣ ಬೇಕು ಎಂದು ಒಪ್ಪಿಕೊಂಡಿದ್ದಾನೆ. ನಿಮ್ಮ ಗುರುಗಳು ನಿಮಗಿಂತ ಎಚ್ಚರದವರು.

‘ಹಾಗಾದರೆ ನೀರಿಗೆ ಬೆಲೆ ಬರಲಿ, ಮಾರುಕಟ್ಟೆ ತಾನೇ ಸರಿಮಾಡುತ್ತದೆ’ ಎಂಬುದಕ್ಕೆ ಚಿಕ್ಕ ಉತ್ತರ ಸಾಕು. ಮಾರಬೇಕಾದರೆ ಯಾರದು ಎಷ್ಟು ಎಂದು ಮೊದಲು ಗೊತ್ತಾಗಬೇಕು, ಮೀಟರ್ ಕೂರಬೇಕು, ಒಬ್ಬ ತನ್ನ ಪಾಲು ಮೀರಿದರೆ ತಡೆಯುವವರು ಬೇಕು. ಅದನ್ನೇ ನಾನು ಗ್ರಾಮಸಭೆ ಮಾಡಲಿ ಎನ್ನುತ್ತಿರುವುದು. ಅದಿಲ್ಲದ ಮಾರುಕಟ್ಟೆ ಹೇಗಿರುತ್ತದೆಂದು ಬೇಸಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರಿಗೆ ಗೊತ್ತು.

ಈಗ ನನ್ನನ್ನು ಹೆಚ್ಚು ಕೆಣಕಿದ ಮಾತಿಗೆ ಬರುತ್ತೇನೆ. ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಯೊಡ್ಡಿದವರು ಸರ್ಕಾರದ ಕಾಟ ಬೇಡವೆಂದು ಸತ್ತರು. ಅದೇ ಮಣ್ಣಿನಲ್ಲಿ ನಿಂತು ನೀವು ಹೊಲದೊಳಕ್ಕೆ ಸರ್ಕಾರವನ್ನು ಕರೆಯುತ್ತಿದ್ದೀರಿ, ಎಂದರು ಒಬ್ಬರು. ಸುತ್ತಲಿದ್ದವರು ತಲೆಯಾಡಿಸಿದರು.

ನಡೆದದ್ದನ್ನು ನೆನೆಯೋಣ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಅಲೆ ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಹಬ್ಬಿತು. ಅದೇ ತಿಂಗಳ 25ರಂದು, ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಸಭೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಅಂದಿನ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಿಲ್ಲ. ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಕಾಂಗ್ರೆಸ್ ಬಾವುಟವನ್ನು ಸಂಸ್ಥಾನದ ಬಾವುಟದ ಜೊತೆಯಲ್ಲೇ ಹಾರಿಸಬಹುದು ಎಂದಾಯಿತು.

ಆ ಚಳವಳಿಯ ಬೇಡಿಕೆಯ ಹೆಸರು ‘ಜವಾಬ್ದಾರಿ ಸರ್ಕಾರ’. ಸರ್ಕಾರವೇ ಬೇಡ ಎಂದು ಯಾರೂ ಕೇಳಲಿಲ್ಲ. ನಮ್ಮನ್ನು ಆಳುವ ನಿಯಮವನ್ನು ದಿವಾನರ ಕಚೇರಿ ಬರೆಯಬಾರದು, ನಾವು ಆರಿಸಿದವರು ಬರೆಯಬೇಕು, ಅವರು ನಮಗೆ ಉತ್ತರ ಹೇಳಬೇಕು ಎಂದು ಕೇಳಿದರು. ಅದು ದಕ್ಕಿದ್ದು 1947ರ ಅಕ್ಟೋಬರಿನಲ್ಲಿ, ‘ಮೈಸೂರು ಚಲೋ’ ಚಳವಳಿಯ ನಂತರ. ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿ ನಮ್ಮ ಹಳೆಯ ಕೋಲಾರ ಜಿಲ್ಲೆಯವರೇ. ಅಂದು ಜನ ಜೀವ ಒತ್ತೆಯಿಟ್ಟು ಕಾಪಾಡಿಕೊಂಡ ಹಕ್ಕು, ಒಂದೆಡೆ ಸೇರಿ ಎಲ್ಲರಿಗೂ ಸಂಬಂಧಿಸಿದ್ದನ್ನು ಮಾತಾಡುವ ಹಕ್ಕು. ಸಭೆ ಸೇರುವುದಕ್ಕಾಗಿ ಗುಂಡು ತಿಂದವರ ಹೆಸರು ಹೇಳಿಕೊಂಡು ಗ್ರಾಮಸಭೆ ಬೇಡ ಎನ್ನುವುದು ನನಗಂತೂ ಅರ್ಥವಾಗದ ತರ್ಕ. ಆ ಹುತಾತ್ಮರನ್ನು ಯಾವುದಾದರೂ ಪಕ್ಷಕ್ಕೆ ಎಳೆಯಲೇಬೇಕು ಎಂದರೆ, ಅವರು ನಿಯಮ ಬೇಡ ಎನ್ನುವವರ ಕಡೆಗೂ ಇಲ್ಲ, ನಿಯಮವನ್ನು ಮೇಲಿನಿಂದ ಕಳಿಸಿ ಎನ್ನುವವರ ಕಡೆಗೂ ಇಲ್ಲ.

ಶಿಡ್ಲಘಟ್ಟದವರ ಆಕ್ಷೇಪ ರೇಷ್ಮೆಯಿಂದ ಬಂತು. 1959ರ ಕಾಯ್ದೆ ಮಾಡಿ, ಗೂಡನ್ನು ಸರ್ಕಾರಿ ಮಾರುಕಟ್ಟೆಗೇ ತರಬೇಕು ಎಂದು ಕಟ್ಟಿಹಾಕಿದಿರಿ, ಈಗ ನೀರನ್ನೂ ಕಟ್ಟುತ್ತೀರಾ ಎಂದು. ಗೂಡು ಮಾರುಕಟ್ಟೆಯ ತಕರಾರುಗಳು ನನಗೂ ಗೊತ್ತು, ಅವನ್ನು ಸಮರ್ಥಿಸಲು ಬಂದಿಲ್ಲ. ಆದರೆ ಆ ಕಾಯ್ದೆ ಮಾಡಿದ್ದೇನು? ಬೆಲೆ ಕಟ್ಟಲಿಲ್ಲ. ರೈತ ಮತ್ತು ರೀಲರ್ ನಡುವಿನ ವ್ಯವಹಾರವನ್ನು ಮನೆಯ ಜಗಲಿಯಿಂದ ಎಬ್ಬಿಸಿ ಎಲ್ಲರ ಕಣ್ಣೆದುರಿನ ಹರಾಜಿಗೆ, ಸರ್ಕಾರಿ ತಕ್ಕಡಿಗೆ ತಂದಿತು. ಗೂಡು ಕೆಲವು ದಿನ ಕಳೆದರೆ ಚಿಟ್ಟೆ ಹೊರಬರುವ ಸರಕು. ಕಾಯಲಾಗದ ರೈತ ಒಬ್ಬನೇ ಒಬ್ಬ ದಲ್ಲಾಳಿಯ ಮುಂದೆ ನಿಂತಾಗ ಅವನ ಸ್ವಾತಂತ್ರ್ಯದ ತೂಕವೆಷ್ಟು? ಈಗ ಅದೇ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ದುಡ್ಡಿನಲ್ಲಿ ಬೋರು ಕೊರೆಸಿ, ಕಟ್ಟುಪಾಡೇ ಕೆಟ್ಟದ್ದು ಎನ್ನುವವರಿದ್ದಾರೆ. ಇರಲಿ.

ಈ ಗುಂಪಿನಲ್ಲಿ ನಿಜವಾಗಿ ಗಟ್ಟಿಯಾದ ಆಕ್ಷೇಪ ಒಂದೇ. ಅದನ್ನು ಎತ್ತಿದವರು ಪುಸ್ತಕ ಓದಿದವರಲ್ಲ, ಸರ್ಕಾರದ ಗಂಗಾ ಕಲ್ಯಾಣ ಯೋಜನೆಯ ಬೋರಿಗೆ ಅರ್ಜಿ ಹಾಕಿ ಕಾದಿರುವ ಸಣ್ಣ ಹಿಡುವಳಿದಾರರು. ಗ್ರಾಮಸಭೆ ಎಂದರೆ ಯಾರ ಸಭೆ? ಅಲ್ಲಿ ಮಾತಾಡುವವರು ಐದಾರು ಬೋರು ಇರುವವರು. ಅವರು ನೀರು ಕುಡಿದಾದ ಮೇಲೆ ಈಗ ಬಾಗಿಲು ಹಾಕುತ್ತಾರೆ, ನಮ್ಮ ಸರದಿ ಬಂದಾಗ ನಿಮಗೆ ಅಂತರ್ಜಲ ನೆನಪಾಯಿತೇ ಎಂದರು.

ಹೌದು, ಆ ಅಪಾಯ ಇದೆ. ಹಳೆಯ ಕೆರೆ ವ್ಯವಸ್ಥೆಯನ್ನು ಹಾಡಿ ಹೊಗಳುವವರಿಗೂ ಇದನ್ನು ಹೇಳಬೇಕು: ತೂಬು ಎತ್ತಿ ಇಳಿಸಿ, ಬರಗಾಲದಲ್ಲಿ ಅಚ್ಚುಕಟ್ಟಿನ ಇಷ್ಟು ಭಾಗಕ್ಕೆ ಮಾತ್ರ ನೀರು ಎಂದು ಅಳೆದು ಹಂಚುತ್ತಿದ್ದ ನೀರುಗಂಟಿ ಬಹುತೇಕ ದಲಿತ, ನೀರು ಕುಡಿಯುತ್ತಿದ್ದ ಗದ್ದೆಗಳು ಬಹುತೇಕ ಅವನವಲ್ಲ. ಊರೊಟ್ಟಿನ ಒಳಿತು ಎಂಬ ಹೆಸರಿನಲ್ಲಿ ಕೆಲವರ ಒಳಿತು ನಡೆಯುವುದು ನಮ್ಮಲ್ಲಿ ಹೊಸದಲ್ಲ. ಹಾಗಾಗಿ ಸುಮ್ಮನೆ ‘ಗ್ರಾಮಸಭೆ ತೀರ್ಮಾನಿಸಲಿ’ ಎಂದರೆ ಸಾಲದು. ಕಡಿವಾಣ ಮೊದಲು ಬೀಳಬೇಕಾದ್ದು ಎರಡನೆಯ, ಮೂರನೆಯ ಬೋರಿಗೆ. ನೀರಾವರಿಯ ಬೋರೇ ಇಲ್ಲದ ಕುಟುಂಬದ ಮೊದಲ ಬೋರಿಗೆ ಆದ್ಯತೆ ಎಂದು ಕಾನೂನಿನಲ್ಲೇ ಬರೆಯಬೇಕು, ಅದನ್ನು ಸಭೆಯ ಕೈಗೆ ಬಿಡಬಾರದು. ಪಾಲು ಎಕರೆಯ ಲೆಕ್ಕದಲ್ಲಿ ಬೇಡ, ಮನೆಯ ಲೆಕ್ಕದಲ್ಲಿ ಇರಲಿ. ಈಗಿನ ಸ್ವಾತಂತ್ರ್ಯ ಬಡವರಿಗೆ ಏನು ಕೊಟ್ಟಿದೆ ಎಂಬುದನ್ನೂ ಕೇಳೋಣ. ಸರ್ಕಾರ ಒಂದು ಸಲ ಕೊರೆಸಿಕೊಟ್ಟ ಬೋರು ಬತ್ತಿದರೆ ಎರಡನೆಯದನ್ನು ಕೊರೆಸಲು ಅವರಲ್ಲಿ ದುಡ್ಡಿಲ್ಲ. ಆಳದ ಪಂದ್ಯ ನಡೆಯುತ್ತಿರುವಷ್ಟು ಕಾಲ ಮೊದಲು ಸೋಲುವ ಬೋರು ಅವರದೇ.

ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್‌ನಲ್ಲಿ ಬೇಸಾಯಕ್ಕೆ ಬೋರು ಕೊರೆಯುವಂತಿಲ್ಲ ಎಂದು ತೀರ್ಮಾನಿಸಿದ್ದು ಗ್ರಾಮಸಭೆ. ಪ್ರತಿ ವರ್ಷ ಬಿದ್ದ ಮಳೆ ನೋಡಿ ಯಾವ ಬೆಳೆ ಎಷ್ಟು ಎಂದು ಲೆಕ್ಕ ಹಾಕುವುದೂ ಅದೇ. ಅದು ಪುಣ್ಯವಂತರ ಊರು, ನಮ್ಮಲ್ಲಿ ಆಗದು ಎನ್ನುತ್ತೀರಾ? ಗೌರಿಬಿದನೂರಿನಿಂದ ಗಡಿ ದಾಟಿದರೆ ಆಗ ಸಿಗುತ್ತಿದ್ದ ಅನಂತಪುರ ಜಿಲ್ಲೆಯೂ ಸೇರಿ ಅಂದಿನ ಆಂಧ್ರದ ಏಳು ಜಿಲ್ಲೆಗಳಲ್ಲಿ, 2000ದ ದಶಕದಲ್ಲಿ, ರೈತರೇ ಬೋರಿನ ಮಟ್ಟ ಅಳೆದು, ಮಳೆಮಾಪನ ಇಟ್ಟುಕೊಂಡು, ಹಿಂಗಾರಿಗೆ ಮುಂಚೆ ಕೂತು ನೀರಿನ ಆಯವ್ಯಯ ಮಾಡುವ ಕೆಲಸ ನಡೆಯಿತು. ಅಲ್ಲಿ ಯಾರ ಮೇಲೂ ನಿಷೇಧ ಹೇರಲಿಲ್ಲ. ಲೆಕ್ಕ ಕಂಡವರು ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಹೊರಳಿದ್ದುಂಟು. ಅವರೂ ನಮ್ಮಂಥವರೇ, ಸಂತೆಯಲ್ಲಿ ತೆಲುಗು ಮಾತಾಡಿಕೊಂಡು ನಮ್ಮ ಪಕ್ಕದಲ್ಲೇ ಕೂರುವವರು. ದೂರದ ಸಾಕ್ಷಿ ಬೇಕಿದ್ದರೆ ಎಲಿನಾರ್ ಆಸ್ಟ್ರಮ್ ಇದ್ದಾರೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಕೆ 1965ರಲ್ಲಿ ಪಿಎಚ್.ಡಿ. ಮಾಡಿದ್ದು ಲಾಸ್ ಏಂಜಲಿಸ್ ಬಳಿಯ ಬೋರು–ಬಾವಿಗಳ ಜಗಳದ ಮೇಲೆ. ಎಲ್ಲರೂ ಎತ್ತಿ ಎತ್ತಿ ಸಮುದ್ರದ ಉಪ್ಪುನೀರು ಒಳನುಗ್ಗಿದಾಗ, ಅಲ್ಲಿ ನೀರೆತ್ತುವವರೇ ಕೂತು ತಮ್ಮ ತಮ್ಮ ಪಾಲು ತಗ್ಗಿಸಿಕೊಂಡರು. ಕೋರ್ಟು ಅದಕ್ಕೆ ಮೊಹರು ಹಾಕಿತು.

ಎಡಗಡೆಯ ಗೆಳೆಯರೇ, ನೀವು ಇಷ್ಟು ಹೊತ್ತು ತಲೆದೂಗಿದ್ದೀರಿ. ಇನ್ನು ನಿಮ್ಮ ಸರದಿ.

ಎಲ್ಲ ನೀರೂ ಸರ್ಕಾರದ್ದಾಗಲಿ ಎನ್ನುತ್ತೀರಿ. ಸರ್ಕಾರದ್ದಾಗಿದ್ದ ನೀರಿನ ಚರಿತ್ರೆ ನಮ್ಮ ಕಣ್ಣೆದುರೇ ಇದೆ. ಕೆರೆಗಳು ಹೆಚ್ಚಾಗಿದ್ದ ಜಿಲ್ಲೆ ನಮ್ಮದು. ಊರವರ ಕೈಯಿಂದ ಇಲಾಖೆಗಳ ಕಡತಕ್ಕೆ ಹೋದ ಮೇಲೆ ಅವುಗಳ ಹೂಳು ಎತ್ತುವುದು ಯಾರ ಕೆಲಸವೂ ಆಗಲಿಲ್ಲ, ರಾಜಕಾಲುವೆಗಳು ಒತ್ತುವರಿಯಾದವು, ಅಂಗಳದಲ್ಲಿ ಜಾಲಿ ಬೆಳೆಯಿತು. ನೀಲಗಿರಿಯನ್ನು ನೆಡಿರಿ ಎಂದು ದಶಕಗಳ ಕಾಲ ಪ್ರೋತ್ಸಾಹಿಸಿದ್ದೂ ಸರ್ಕಾರ, 2017ರಲ್ಲಿ ಹೊಸದಾಗಿ ನೆಡಬೇಡಿ ಎಂದದ್ದೂ ಅದೇ. ನಮ್ಮ ಕಡೆಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ನಮ್ಮ ಜಿಲ್ಲೆಯಲ್ಲೇ ಶಂಕುಸ್ಥಾಪನೆಯಾಯಿತು. 8,323 ಕೋಟಿ ರೂಪಾಯಿಯ ಅಂದಾಜು 23 ಸಾವಿರ ಕೋಟಿ ದಾಟಿತು. ಮೊದಲ ಹಂತದ ನೀರೆತ್ತುವಿಕೆಗೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಸಕಲೇಶಪುರದ ಕಡೆ. ನೀರು ಬರುತ್ತದೆ, ಬರುತ್ತದೆ ಎಂಬ ಮಾತು ಕೇಳುತ್ತ ಇಲ್ಲಿ ಕೊರೆಯುವುದು ಮಾತ್ರ ನಿಲ್ಲಲಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಬಿಡುವ ತೀರ್ಮಾನವನ್ನು ಸರ್ಕಾರ ಮಾಡಿತು. ಮೂರನೆಯ ಹಂತವೂ ಆಗಲಿ ಎಂದು ಇಲ್ಲಿನ ಜನ ಕೂಗಿದ್ದೇ ಕೂಗಿದ್ದು. ಕೆರೆ ತುಂಬಿದ್ದು ನಿಜ, ಸುತ್ತಲಿನ ಬೋರುಗಳಲ್ಲಿ ನೀರು ಕಂಡದ್ದೂ ನಿಜ. ಯಾವ ನೀರು ಬೇಕು ಎಂದು ಆ ಕೆರೆಯ ಅಂಚಿನವರನ್ನು ಯಾರಾದರೂ ಕೇಳಿದ್ದರೇ? ದಿವಾನರ ಕಚೇರಿಯ ಜಾಗದಲ್ಲಿ ವಿಧಾನಸೌಧ ನಿಂತ ಮಾತ್ರಕ್ಕೆ ಕೇಳುವ ಪದ್ಧತಿ ಬಂದುಬಿಡಲಿಲ್ಲ.

ಅನುಮತಿ ಪತ್ರ ಕೊಡುವ ಅಧಿಕಾರ ಜಿಲ್ಲಾ ಕೇಂದ್ರದಲ್ಲಿದ್ದರೆ ಅದು ದೊರೆಯುವುದು ಜಿಲ್ಲಾ ಕೇಂದ್ರಕ್ಕೆ ಓಡಾಡಬಲ್ಲವರಿಗೆ. ಕಟ್ಟುನಿಟ್ಟಿನ ಕಾನೂನು ಪುಸ್ತಕದಲ್ಲಿದ್ದೂ ರಾತ್ರಿ ಹೊತ್ತು ರಿಗ್ ಲಾರಿಯ ಸದ್ದು ಕೇಳುವುದು ಯಾಕೆಂದು ನಿಮಗೆ ಬಿಡಿಸಿ ಹೇಳಬೇಕೇ? ಒಂದು ಬೋರು ಕೊರೆಯುವಾಗ ಊರಿಗೆ ಊರೇ ಎದ್ದಿರುತ್ತದೆ, ಧೂಳು ಎರಡು ಫರ್ಲಾಂಗು ಕಾಣುತ್ತದೆ. ಅದನ್ನು ಕಾಣದೆ ಇರಬಲ್ಲವರು ದೂರದ ಅಧಿಕಾರಿ ಮಾತ್ರ. ಒಡೆತನ ವ್ಯಕ್ತಿಯಿಂದ ಇಲಾಖೆಗೆ ಹೋದರೆ ಅದು ಸಮಾಜದ್ದಾಯಿತು ಎಂದು ನಂಬುವುದರಲ್ಲಿ ನಿಮಗಿರುವ ಉತ್ಸಾಹ ನನಗಿಲ್ಲ.

ಹಾಗೆಂದು ಸರ್ಕಾರಕ್ಕೆ ಕೆಲಸವಿಲ್ಲವೆಂದಲ್ಲ. ಎರಡು ಊರುಗಳ ನಡುವೆ ತಕರಾರು ಬಂದಾಗ, ಸಭೆಯೇ ಸಣ್ಣವರ ಮೇಲೆ ಎರಗಿದಾಗ ಮೇಲ್ಮನವಿಗೆ ಒಂದು ಜಾಗ ಬೇಕು. ಭೂವಿಜ್ಞಾನಿಯೊಬ್ಬರು ಊರಿಗೆ ಬಂದು ಬಿರುಕಿನ ಜಾಡು ವಿವರಿಸಬೇಕು. ಕುಡಿಯುವ ನೀರಿಗೆ ಮೊದಲ ಪಾಲು ಎಂಬುದನ್ನು ಯಾವ ಸಭೆಯೂ ಮುಟ್ಟದಂತೆ ಕಾಯಬೇಕು. 2011ರ ಕಾಯ್ದೆಗೆ ಒಂದು ತಿದ್ದುಪಡಿ ಸಾಕು: ಗ್ರಾಮಸಭೆಯ ನಿರ್ಣಯ ಲಗತ್ತಿಸದ ಅರ್ಜಿಯನ್ನು ಜಿಲ್ಲಾ ಮಟ್ಟದಲ್ಲಿ ತೆಗೆದುಕೊಳ್ಳಬಾರದು, ಬೋರೇ ಇಲ್ಲದ ಕುಟುಂಬದ ಮೊದಲ ಅರ್ಜಿಯನ್ನು ಸಭೆ ಕಾರಣ ಬರೆಯದೆ ತಿರಸ್ಕರಿಸಬಾರದು.

ಅಷ್ಟಕ್ಕೂ ಮುಂಚೆ ಮಾಡಬಹುದಾದ ಕೆಲಸಕ್ಕೆ ಯಾವ ತಿದ್ದುಪಡಿಯೂ ಬೇಡ. ನನ್ನ ಎದುರು ವಾದಿಸಿದವರಲ್ಲಿ ಬೋರು ಇರುವವರು ಬಹಳ ಮಂದಿ. ಅದರ ಆಳ ಎಷ್ಟು, ಎಷ್ಟನೆಯ ಅಡಿಗೆ ನೀರು ಬಿತ್ತು, ಎಷ್ಟು ಇಂಚು, ಮೋಟರ್ ಎಷ್ಟು ಎಚ್‌ಪಿ, ಈ ಬೇಸಗೆಯಲ್ಲಿ ದಿನಕ್ಕೆ ಎಷ್ಟು ಗಂಟೆ ನೀರು ಕೊಟ್ಟಿತು. ಈ ಐದು ಸಂಗತಿಗಳನ್ನು ನಿಮ್ಮ ಹೆಸರಿನ ಮುಂದೆ ಪಂಚಾಯ್ತಿ ಗೋಡೆಯ ಮೇಲೆ ಬರೆಸಲು ಒಪ್ಪುತ್ತೀರಾ? ಒಪ್ಪುವುದಾದರೆ ಮಳೆಗಾಲಕ್ಕೆ ಮುಂಚೆ ನಿಮ್ಮೂರಿನಿಂದಲೇ ಶುರು ಮಾಡೋಣ. ಒಪ್ಪದಿದ್ದರೆ ಕಾರಣವನ್ನು ಬರೆದು ಕಳಿಸಿ, ಅದಕ್ಕೂ ಉತ್ತರ ಕೊಡುತ್ತೇನೆ.